ಲಂಡನ್‌ನಲ್ಲಿ ಇದ್ದಿಲಿನ ಗ್ರಿಲ್ ಕೊಳ್ಳುವ ಮುನ್ನ: ಯಾವುದು ಬೇಕು, ಎಲ್ಲಿ ಹಚ್ಚಬಹುದು, ಏನು ಮಾಡಲೇಬಾರದು

ಗಲ್ಫ್‌ನಲ್ಲಿ ಕೆಲವು ವರ್ಷ ದುಡಿದು ಅಲ್ಲಿಂದ ಲಂಡನ್‌ಗೆ ಹೋದ ನರ್ಸ್‌ಗಳು, ಐಟಿ ಕೆಲಸದವರು, ಹೋಟೆಲ್ ಕೆಲಸದವರು, ಓದಲು ಹೋದ ಮಕ್ಕಳು ನಮ್ಮ ಓದುಗರ ಬಳಗದಲ್ಲಿ ಸಾಕಷ್ಟು ಜನ ಇದ್ದಾರೆ. ಇವರೆಲ್ಲರಿಗೂ ಶುಕ್ರವಾರದ ರಾತ್ರಿ ಮರಳುಗಾಡಿಗೋ ಕಡಲ ತೀರಕ್ಕೋ ಹೋಗಿ ಇದ್ದಿಲು ಹಚ್ಚಿ ಚಿಕನ್ ಟಿಕ್ಕಾ ಸುಟ್ಟ ಅಭ್ಯಾಸ ಇರುತ್ತದೆ. ಲಂಡನ್‌ನಲ್ಲಿ ಜೂನ್ ಬಂದು, ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ ಎಂದಾಗ ಅದೇ ಆಸೆ ಮತ್ತೆ ಏಳುತ್ತದೆ. ಅಂಗಡಿಗೆ ಹೋದರೆ ಇಪ್ಪತ್ತು ಬಗೆಯ ಗ್ರಿಲ್ ಸಾಲಾಗಿ ನಿಂತಿರುತ್ತವೆ. ಯಾವುದನ್ನು ತೆಗೆದುಕೊಳ್ಳುವುದು?

ಗ್ರಿಲ್‌ನ ಬ್ರ್ಯಾಂಡ್, ಬಣ್ಣ, ಬೆಲೆ ಎಲ್ಲ ಆಮೇಲೆ. ಅದನ್ನು ಎಲ್ಲಿ ಹಚ್ಚುತ್ತೀರಿ, ಮುಗಿದ ಮೇಲೆ ಆ ಕೆಂಡವನ್ನು ಎಲ್ಲಿ ಹಾಕುತ್ತೀರಿ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಗ್ರಿಲ್ ಬೇಕು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಆ ಉತ್ತರ ಇಲ್ಲದೆ ಕೊಂಡವರ ಗ್ರಿಲ್ ಶೆಡ್‌ನಲ್ಲಿ ತುಕ್ಕು ಹಿಡಿಯುತ್ತದೆ, ಇಲ್ಲವೇ ದಂಡಕ್ಕೋ ಅನಾಹುತಕ್ಕೋ ದಾರಿಯಾಗುತ್ತದೆ.

ಮೊದಲ ಪ್ರಶ್ನೆ: ಎಲ್ಲಿ ಹಚ್ಚುತ್ತೀರಿ?

ದುಬೈನ ಅಲ್ ಮಮ್ಜರ್, ಮುಶ್ರಿಫ್‌ನಂಥ ಪಾರ್ಕ್‌ಗಳಲ್ಲಿ ಬಾರ್ಬೆಕ್ಯೂಗೆಂದೇ ಜಾಗ ಇರುತ್ತದೆ. ಲಂಡನ್‌ನಲ್ಲೂ ಹಾಗೇ ಇರಬಹುದು ಎಂದುಕೊಂಡು ಹೋದರೆ ನಿರಾಶೆ ಆಗುತ್ತದೆ.

ರಾಯಲ್ ಪಾರ್ಕ್‌ಗಳು: ಹೈಡ್ ಪಾರ್ಕ್, ಕೆನ್ಸಿಂಗ್ಟನ್ ಗಾರ್ಡನ್ಸ್, ರೀಜೆಂಟ್ಸ್ ಪಾರ್ಕ್, ಗ್ರೀನ್ ಪಾರ್ಕ್, ಸೇಂಟ್ ಜೇಮ್ಸ್ ಪಾರ್ಕ್, ಗ್ರೀನಿಚ್, ರಿಚ್ಮಂಡ್, ಬುಶಿ. ಈ ಎಂಟರಲ್ಲಿ ಎಲ್ಲಿಯೂ ಬಾರ್ಬೆಕ್ಯೂ ಮಾಡುವಂತಿಲ್ಲ. ಕಟ್ಟಿಕೊಂಡು ಹೋದ ಊಟ ತಿನ್ನಬಹುದು, ಬೆಂಕಿ ಹಚ್ಚುವಂತಿಲ್ಲ.

ಎಪ್ಪಿಂಗ್ ಫಾರೆಸ್ಟ್ ಮತ್ತು ಹ್ಯಾಂಪ್‌ಸ್ಟೆಡ್ ಹೀತ್: ಎರಡನ್ನೂ ನೋಡಿಕೊಳ್ಳುವುದು ಸಿಟಿ ಆಫ್ ಲಂಡನ್ ಕಾರ್ಪೊರೇಷನ್. ಎರಡರಲ್ಲೂ ನಿಷೇಧ. ಈಸ್ಟ್ ಹ್ಯಾಮ್, ಮ್ಯಾನರ್ ಪಾರ್ಕ್, ಫಾರೆಸ್ಟ್ ಗೇಟ್ ಕಡೆ ಇರುವ ನಮ್ಮವರಿಗೆ ಹತ್ತಿರದ ವಾನ್‌ಸ್ಟೆಡ್ ಫ್ಲಾಟ್ಸ್ ಕೂಡ ಎಪ್ಪಿಂಗ್ ಫಾರೆಸ್ಟಿನದೇ ಭಾಗ. 2018ರ ಜುಲೈ 15ರಂದು ಅಲ್ಲಿ ಒಣ ಹುಲ್ಲಿಗೆ ಬಿದ್ದ ಬೆಂಕಿ ಆರಿಸಲು 40 ಅಗ್ನಿಶಾಮಕ ವಾಹನ, 200ಕ್ಕೂ ಹೆಚ್ಚು ಸಿಬ್ಬಂದಿ ಬೇಕಾಯಿತು. ‘ಹಸಿರು ಲಂಡನ್’ ಎಂಬ ನಮ್ಮ ಕಲ್ಪನೆ ಜುಲೈ ತಿಂಗಳಲ್ಲಿ ನಿಜವಲ್ಲ. ಹದಿನೈದು ದಿನ ಮಳೆ ಇಲ್ಲದಿದ್ದರೆ ಅಲ್ಲಿನ ಹುಲ್ಲು ನಮ್ಮ ಬಯಲುಸೀಮೆಯ ಏಪ್ರಿಲ್ ಹುಲ್ಲಿನಂತೆ ಆಗಿರುತ್ತದೆ.

ಬರೋ ಕೌನ್ಸಿಲ್ ಪಾರ್ಕ್‌ಗಳು: ಲಂಡನ್‌ನಲ್ಲಿ 32 ಬರೋಗಳು, ಜೊತೆಗೆ ಸಿಟಿ ಆಫ್ ಲಂಡನ್. ಪಾರ್ಕ್ ನಿಯಮ ಆಯಾ ಕೌನ್ಸಿಲ್‌ನದು. ಹೆಚ್ಚಿನ ಕಡೆ ನಿಷೇಧ ಇದೆ. ಮೊದಲು ಜಾಗ ಕೊಟ್ಟಿದ್ದ ಕಡೆಯೂ ನಿಯಮ ಬದಲಾಗಿದೆ. ಆದ್ದರಿಂದ ‘ಹೋದ ಸಲ ನಾವು ಅಲ್ಲಿ ಮಾಡಿದ್ದೆವು’ ಎಂಬ ಸ್ನೇಹಿತರ ಮಾತು ಸಾಲದು. ಹೋಗುವ ವಾರವೇ ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಪಾರ್ಕಿನ ಹೆಸರು ಹುಡುಕಿ ನೋಡಿ. 2014ರ ಕಾನೂನಿನಡಿ ಕೌನ್ಸಿಲ್ ಹೊರಡಿಸುವ ಸಾರ್ವಜನಿಕ ಸ್ಥಳ ರಕ್ಷಣಾ ಆದೇಶದಲ್ಲಿ ಬಾರ್ಬೆಕ್ಯೂ ಸೇರಿದ್ದರೆ ಸ್ಥಳದಲ್ಲೇ ದಂಡದ ನೋಟಿಸ್ ಕೊಡಬಹುದು.

ಫ್ಲಾಟ್‌ನ ಬಾಲ್ಕನಿ: ಇದಕ್ಕೆ ಉತ್ತರ ಒಂದೇ, ಬೇಡ. ಲಂಡನ್ ಫೈರ್ ಬ್ರಿಗೇಡ್ ಬಾಲ್ಕನಿಯಲ್ಲಿ ಬಾರ್ಬೆಕ್ಯೂ ಮಾಡಲೇಬೇಡಿ ಎಂದು ಹೇಳುತ್ತಲೇ ಬಂದಿದೆ. ಬಾಲ್ಕನಿಗೆ ಬಿದ್ದ ಬೆಂಕಿ ಹೇಗೆ ಹರಡುತ್ತದೆ ಎಂಬುದನ್ನು 2019ರ ಜೂನ್ 9ರಂದು ಬಾರ್ಕಿಂಗ್ ರಿವರ್‌ಸೈಡ್‌ನ ಸ್ಯಾಮ್ಯುಯೆಲ್ ಗಾರ್ಸೈಡ್ ಹೌಸ್ ತೋರಿಸಿತು. ಮರದ ಹಲಗೆಯ ಬಾಲ್ಕನಿಗಳ ಮೂಲಕ ಬೆಂಕಿ ನಿಮಿಷಗಳಲ್ಲಿ ಮೇಲಕ್ಕೂ ಪಕ್ಕಕ್ಕೂ ಹಬ್ಬಿ 20 ಫ್ಲಾಟ್ ನಾಶವಾದವು. ಯಾರ ಜೀವವೂ ಹೋಗಲಿಲ್ಲ, ಆದರೆ ಮನೆ, ಸಾಮಾನು, ಕಾಗದಪತ್ರ ಕಳೆದುಕೊಂಡವರು ಬಹಳ ಮಂದಿ. ವೀಸಾ, ಪಾಸ್‌ಪೋರ್ಟ್, ಸರ್ಟಿಫಿಕೇಟ್ ಎಲ್ಲ ಒಂದೇ ಕಪಾಟಿನಲ್ಲಿ ಇಟ್ಟು ಬದುಕುವ ವಲಸಿಗರಿಗೆ ಇದು ಎಂಥ ಹೊಡೆತ ಎಂದು ಬಿಡಿಸಿ ಹೇಳಬೇಕಿಲ್ಲ. ಅನೇಕ ಬಾಡಿಗೆ ಕರಾರುಗಳಲ್ಲಿ ಬಾಲ್ಕನಿಯಲ್ಲಿ ಬೆಂಕಿ ಹಚ್ಚಬಾರದು ಎಂಬ ಷರತ್ತು ಇರುತ್ತದೆ.

ಮನೆಯ ಹಿತ್ತಲು: ನಿಮಗೆ ಹಿತ್ತಲಿದ್ದರೆ ನೀವು ಅದೃಷ್ಟವಂತರು. ಹೌನ್ಸ್ಲೋ, ಹ್ಯಾರೋ, ಸೌತಾಲ್, ಕ್ರಾಯ್ಡನ್ ಕಡೆಯ ಹೆಚ್ಚಿನ ಸಾಲುಮನೆಗಳಲ್ಲಿ ಹಿಂದೆ ಒಂದಿಷ್ಟು ಜಾಗ ಇರುತ್ತದೆ. ಅಲ್ಲಿ ಮಾಡಬಹುದು. ಆದರೆ ಎರಡೂ ಬದಿ ಮರದ ಬೇಲಿ, ಮೂಲೆಯಲ್ಲಿ ಮರದ ಶೆಡ್, ಮೇಲೆ ಬಟ್ಟೆ ಒಣಗಿಸುವ ಹಗ್ಗ ಇರುವುದನ್ನು ಮರೆಯಬಾರದು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಒಂದು ಮೆಸೇಜ್ ಹಾಕಿ ಲಿಖಿತ ಒಪ್ಪಿಗೆ ಇಟ್ಟುಕೊಳ್ಳಿ. ಹಂಚಿಕೊಂಡಿರುವ ಮನೆಯಾದರೆ ಉಳಿದವರನ್ನೂ ಕೇಳಿ.

ಕ್ಯಾಂಪ್‌ಸೈಟ್: ಲಂಡನ್ ಹೊರಗಿನ ಅನೇಕ ಕ್ಯಾಂಪ್‌ಸೈಟ್‌ಗಳು ನೆಲದಿಂದ ಎತ್ತರದಲ್ಲಿ ಇರುವ, ಕಾಲುಗಳಿರುವ ಗ್ರಿಲ್‌ಗೆ ಒಪ್ಪುತ್ತವೆ. ಹತ್ತು ಹದಿನೈದು ಜನರ ಗುಂಪಿಗೆ ಪಾರ್ಕಿಗಿಂತ ಇದೇ ನೆಮ್ಮದಿ.

ಹೊಗೆಯ ಕಾನೂನು ಏನು ಹೇಳುತ್ತದೆ?

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಕವಿದ ಕಲ್ಲಿದ್ದಲು ಹೊಗೆಯಲ್ಲಿ ಆಗಿನ ಲೆಕ್ಕದಂತೆ ಸುಮಾರು 4,000 ಜನ ಸತ್ತರು. ನಂತರದ ಅಧ್ಯಯನಗಳು ಅದಕ್ಕೂ ಬಹಳ ಹೆಚ್ಚು ಎಂದಿವೆ. ಅದರ ಫಲವಾಗಿ ಬಂದದ್ದು 1956ರ ಕ್ಲೀನ್ ಏರ್ ಆಕ್ಟ್. ಇಂದು ಲಂಡನ್‌ನ ಬಹುಭಾಗ ‘ಸ್ಮೋಕ್ ಕಂಟ್ರೋಲ್’ ಪ್ರದೇಶ.

ಹಾಗಾದರೆ ಹಿತ್ತಲಲ್ಲಿ ಇದ್ದಿಲು ಹಚ್ಚುವುದು ತಪ್ಪೇ? ಅಲ್ಲ. ಹೊರಗೆ ಬಳಸುವ ಬಾರ್ಬೆಕ್ಯೂಗೆ ಈ ಪ್ರದೇಶಗಳಲ್ಲೂ ಅವಕಾಶ ಇದೆ. ಹೊಗೆಯನ್ನು ಕಟ್ಟಡದ ಚಿಮಣಿಯ ಮೂಲಕ ಬಿಡುವ ಒಲೆಗಳಿಗೆ ಮಾತ್ರ ಬೇರೆ ನಿಯಮ. ಆದರೆ ಪದೇ ಪದೇ ದಟ್ಟ ಹೊಗೆ ಪಕ್ಕದ ಮನೆಗೆ ನುಗ್ಗಿದರೆ 1990ರ ಪರಿಸರ ಸಂರಕ್ಷಣಾ ಕಾನೂನಿನಡಿ ಕೌನ್ಸಿಲ್‌ಗೆ ದೂರು ಹೋಗಬಹುದು. ಹಿಂದಿನ ದಿನವೇ ಪಕ್ಕದವರಿಗೆ ಹೇಳಿ, ಅವರ ಬಟ್ಟೆ ಒಣಗಲು ಹಾಕಿದ್ದರೆ ಕಾದು, ಎರಡು ತುಂಡು ಕಬಾಬ್ ಬೇಲಿಯ ಆಚೆ ದಾಟಿಸಿದರೆ ಸಾಮಾನ್ಯವಾಗಿ ದೂರು ಬರುವುದಿಲ್ಲ.

ಯಾವ ಬಗೆ ಯಾರಿಗೆ?

1. ಬಿಸಾಡುವ ಅಲ್ಯೂಮಿನಿಯಂ ಟ್ರೇ
ಕೆಲವೇ ಪೌಂಡ್‌ಗೆ ಸಿಗುತ್ತದೆ, ಆದ್ದರಿಂದ ಹೊಸದಾಗಿ ಬಂದ ವಿದ್ಯಾರ್ಥಿಗಳ ಕೈ ಮೊದಲು ಹೋಗುವುದು ಇದಕ್ಕೇ. ನಮ್ಮ ಸಲಹೆ: ಕೊಳ್ಳಬೇಡಿ. ಟ್ರೇ ನೆಲಕ್ಕೇ ಅಂಟಿ ಕೂರುವುದರಿಂದ ಕೆಳಗಿನ ಹುಲ್ಲು ಸುಡುತ್ತದೆ. ಗಾಳಿ ಹೊಂದಿಸಲು ಆಗುವುದಿಲ್ಲ, ಚಿಕನ್ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ. ಊಟ ಮುಗಿದ ಮೇಲೂ ಗಂಟೆಗಟ್ಟಲೆ ಬಿಸಿ ಇರುವ ಟ್ರೇಯನ್ನು ಕಸದ ಡಬ್ಬಿಗೆ ಹಾಕಿ ಡಬ್ಬಿಯೇ ಹೊತ್ತಿಕೊಂಡ ಪ್ರಸಂಗಗಳು ಪ್ರತಿ ಬೇಸಿಗೆಯೂ ಆಗುತ್ತವೆ. ಆಲ್ಡಿ ಮತ್ತು ವೇಟ್ರೋಸ್ 2022ರಲ್ಲಿ ಇವುಗಳ ಮಾರಾಟವನ್ನೇ ನಿಲ್ಲಿಸಿದವು.

2. ತೆರೆದ ಉದ್ದ ತೊಟ್ಟಿ, ಅಂದರೆ ಮಂಗಲ್
ಗಲ್ಫ್‌ನಲ್ಲಿ ನಾವು ನೋಡಿದ, ಸಲಾಕೆಗಳನ್ನು ಅಡ್ಡ ಇಟ್ಟು ತಿರುಗಿಸುವ ಗ್ರಿಲ್. ಉತ್ತರ ಲಂಡನ್‌ನ ಗ್ರೀನ್ ಲೇನ್ಸ್ ಕಡೆ ಟರ್ಕಿಯವರ ಅಂಗಡಿಗಳು ಸಾಲಾಗಿವೆ. ಅವರೂ ಇದನ್ನು ಮಂಗಲ್ ಎಂದೇ ಕರೆಯುತ್ತಾರೆ. ಟಿಕ್ಕಾ, ಶೀಖ್ ಕಬಾಬ್, ಸಿಗಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಅಗ್ಗ, ಕೆಲವು ಮಡಚಿ ಬ್ಯಾಗಿಗೆ ಹಾಕುವಂತಿರುತ್ತವೆ. ಕೊರತೆ: ಮುಚ್ಚಳ ಇಲ್ಲ. ಮಳೆ ಬಂದರೆ ಮುಗಿಯಿತು, ಗಾಳಿ ಬಂದರೆ ಕಿಡಿ ಹಾರುತ್ತದೆ, ಮೂಳೆ ಸಹಿತ ದಪ್ಪ ತುಂಡು ಬೇಯುವುದು ಕಷ್ಟ.

3. ಮುಚ್ಚಳವಿರುವ ಸಣ್ಣ ಕೆಟಲ್
ಹೆಚ್ಚಿನ ಕುಟುಂಬಗಳಿಗೆ ನಾವು ಹೇಳುವುದು ಇದನ್ನೇ. ಷಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್, ಅಲ್ಲಿ ತಯಾರಾಗುತ್ತಿದ್ದ ನೀರಿನ ಮೇಲೆ ತೇಲುವ ಲೋಹದ ಬಾಯ್ ಅನ್ನು ಎರಡು ಹೋಳು ಮಾಡಿ 1952ರಲ್ಲಿ ಮೊದಲ ಕೆಟಲ್ ಗ್ರಿಲ್ ಮಾಡಿದ. ಕೆಳಗೆ ಒಂದು ಬೋಗುಣಿ, ಮೇಲೆ ಗುಂಡು ಮುಚ್ಚಳ, ಎರಡರಲ್ಲೂ ಗಾಳಿ ಕಿಂಡಿ, ಇಷ್ಟೇ ಅದರ ವಿದ್ಯೆ. ಕಿಂಡಿ ತೆರೆದರೆ ಕೆಂಡ ಜೋರು, ಅರ್ಧ ಮುಚ್ಚಿದರೆ ನಿಧಾನ, ಪೂರ್ತಿ ಮುಚ್ಚಿದರೆ ಕ್ರಮೇಣ ನಂದುತ್ತದೆ. ಮುಚ್ಚಳ ಹಾಕಿದರೆ ಒಲೆಯಂತೆ ಸುತ್ತಲಿಂದ ಬೇಯುತ್ತದೆ. ತುಂತುರು ಮಳೆ ಬಂದರೂ ಅಡುಗೆ ನಿಲ್ಲುವುದಿಲ್ಲ, ಮತ್ತು ಲಂಡನ್‌ನಲ್ಲಿ ಅದು ಸಣ್ಣ ವಿಷಯವಲ್ಲ. ವೆಬರ್‌ನ ‘ಸ್ಮೋಕಿ ಜೋ’ 37 ಸೆಂ.ಮೀ. ಅಳತೆಯದು. ಅದೇ ಕಂಪನಿಯ ‘ಗೋ-ಎನಿವೇರ್’ ಆಯತಾಕಾರದ್ದು, ಕಾಲುಗಳನ್ನು ಮಡಚಿದರೆ ಮುಚ್ಚಳ ಬಿಗಿಯಾಗಿ ನಿಲ್ಲುತ್ತದೆ. ಬೇರೆ ಕಂಪನಿಗಳ ಇದೇ ಮಾದರಿ ಕಡಿಮೆ ಬೆಲೆಗೂ ಸಿಗುತ್ತದೆ.

4. ಫ್ಯಾನ್ ಇರುವ ಎರಡು ಗೋಡೆಯ ಗ್ರಿಲ್
ಲೋಟಸ್‌ಗ್ರಿಲ್ ಇದಕ್ಕೆ ಉದಾಹರಣೆ. ನಡುವಿನ ಸಣ್ಣ ಡಬ್ಬಿಯಲ್ಲಿ ಇದ್ದಿಲು, ಕೆಳಗೆ ಬ್ಯಾಟರಿ ಫ್ಯಾನ್. ಬೇಗ ಕಾಯುತ್ತದೆ, ಹೊಗೆ ಕಡಿಮೆ, ಹೊರಗೋಡೆ ಅಷ್ಟು ಸುಡುವುದಿಲ್ಲ. ಮಕ್ಕಳಿರುವ ಸಣ್ಣ ಹಿತ್ತಲಿಗೆ ಒಳ್ಳೆಯದು. ಆದರೆ ‘ಹೊಗೆ ಇಲ್ಲ, ಹಾಗಾಗಿ ಒಳಗೂ ಬಳಸಬಹುದು’ ಎಂದು ತಿಳಿದರೆ ಜೀವಕ್ಕೇ ಅಪಾಯ. ಕಾರಣವನ್ನು ಮುಂದೆ ಹೇಳಿದ್ದೇವೆ.

5. ಸ್ಮೋಕರ್
ಗ್ರಿಲ್‌ನಲ್ಲಿ ಆಹಾರ ಕೆಂಡದ ಮೇಲೆ ನೇರ ಬೇಯುತ್ತದೆ. ಸ್ಮೋಕರ್‌ನಲ್ಲಿ ಕೆಂಡ ದೂರ, ಹೊಗೆ ಹತ್ತಿರ. ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಸಾಗಿಸಬಹುದಾದ ಬಗೆ ಎಂದರೆ ‘ವಾಟರ್ ಸ್ಮೋಕರ್’. ಉದ್ದ ಡ್ರಮ್ಮಿನಂತೆ, ಕೆಳಗೆ ಇದ್ದಿಲು, ನಡುವೆ ನೀರಿನ ತಟ್ಟೆ, ಮೇಲೆ ಜಾಲರಿ. ವೆಬರ್ ‘ಸ್ಮೋಕಿ ಮೌಂಟನ್’ನಲ್ಲಿ ಚಿಕ್ಕದು 37 ಸೆಂ.ಮೀ. ಪ್ರೋಕ್ಯೂ ಕಂಪನಿಯದು ಬಿಡಿ ಬಿಡಿಯಾಗಿ ಜೋಡಿಸುವ ಹಂತಗಳಲ್ಲಿ ಬರುತ್ತದೆ. ಕುರಿ ತೊಡೆ, ಇಡೀ ಕೋಳಿ, ಮಂದಿಯಂತೆ ನಿಧಾನ ಬೇಯುವ ಮಾಂಸ ಇಷ್ಟಪಡುವವರಿಗೆ ಚೆನ್ನ. ಆದರೆ ಐದಾರು ಗಂಟೆ ಹೊಗೆ ಬರುವುದರಿಂದ ಒತ್ತೊತ್ತಾದ ಸಾಲುಮನೆಗೆ ಹೊಂದುವುದಿಲ್ಲ. ಮೊದಲ ಖರೀದಿ ಸ್ಮೋಕರ್ ಆಗುವುದು ಬೇಡ. ಕೆಟಲ್‌ನಲ್ಲೇ ಒಂದು ಬದಿ ಕೆಂಡ, ಅದರ ಮೇಲೆ ಒಂದು ಒಣ ಓಕ್ ಅಥವಾ ಸೇಬಿನ ಮರದ ತುಂಡು, ಇನ್ನೊಂದು ಬದಿ ಮಾಂಸ ಇಟ್ಟು ಮುಚ್ಚಿದರೆ ಹೊಗೆಯ ರುಚಿ ಬಂದೇ ಬರುತ್ತದೆ. ಅದು ಇಷ್ಟವಾದರೆ ಮುಂದಿನ ವರ್ಷ ಸ್ಮೋಕರ್ ನೋಡಿ.

6. ಸೆರಾಮಿಕ್ ಕಮಾಡೊ
ಮೊಟ್ಟೆಯಾಕಾರದ ದಪ್ಪ ಮಣ್ಣಿನ ಒಲೆ. ನಮ್ಮ ತಂದೂರಿನ ದೂರದ ನೆಂಟ. ಶಾಖ ಬಹಳ ಹೊತ್ತು ಹಿಡಿಯುತ್ತದೆ, ಇದ್ದಿಲು ಕಡಿಮೆ ಸಾಕು. ಆದರೆ ದುಬಾರಿ, ಭಾರ, ಬಿದ್ದರೆ ಒಡೆಯುತ್ತದೆ. ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರಿಗೆ ಬೇಡ.

ಅಂಗಡಿಯಲ್ಲಿ ಕೈಯಿಟ್ಟು ನೋಡಬೇಕಾದದ್ದು

ಕಾಲು: ಗ್ರಿಲ್ ನಿಲ್ಲಿಸಿ ಮೆಲ್ಲನೆ ತಳ್ಳಿ. ಅಲುಗಾಡಿದರೆ ಬಿಟ್ಟುಬಿಡಿ. ಕೆಂಡ ತುಂಬಿದಾಗ ಅದು ಇನ್ನಷ್ಟು ಅಲುಗಾಡುತ್ತದೆ.

ಗಾಳಿ ಕಿಂಡಿ: ಕೆಳಗೂ ಮೇಲೂ ಇರಬೇಕು, ಸಲೀಸಾಗಿ ತಿರುಗಬೇಕು. ಕಿಂಡಿಯೇ ಇಲ್ಲದ ಮುಚ್ಚಳ ಬರೀ ಅಲಂಕಾರ.

ಲೇಪ: ಎನಾಮಲ್ ಲೇಪ ಬರೀ ಬಣ್ಣಕ್ಕಿಂತ ಬಹಳ ಬಾಳುತ್ತದೆ. ಲಂಡನ್ ತೇವಕ್ಕೆ ಬಣ್ಣ ಬಳಿದ ತೆಳು ತಗಡು ಎರಡನೇ ವರ್ಷಕ್ಕೇ ತೂತಾಗಬಹುದು. ಸತು ಲೇಪಿಸಿದ ಬಕೆಟನ್ನು ಕೊಂಡು ಸ್ವಂತ ಗ್ರಿಲ್ ಮಾಡಲು ಹೋಗಬೇಡಿ. ಕಾದಾಗ ಸತುವಿನ ವಿಷ ಹೊಗೆ ಬರುತ್ತದೆ.

ಜಾಲರಿ: ಸ್ಟೇನ್‌ಲೆಸ್ ಸ್ಟೀಲ್ ಆದರೆ ಉತ್ತಮ. ಸರಳುಗಳ ನಡುವೆ ಅಂತರ ಹೆಚ್ಚಿದ್ದರೆ ಸಿಗಡಿ, ಈರುಳ್ಳಿ ಕೆಳಗೆ ಬೀಳುತ್ತವೆ.

ಬೂದಿ ತಟ್ಟೆ ಮತ್ತು ಹಿಡಿ: ಬೂದಿ ಕೆಳಗೆ ನೆಲಕ್ಕೆ ಉದುರಬಾರದು. ಹಿಡಿ ಮರದ್ದೋ ಶಾಖ ತಡೆಯುವ ವಸ್ತುವಿನದೋ ಆಗಿರಲಿ.

ಗುಣಮಟ್ಟದ ಗುರುತು: ಇದ್ದಿಲಿನ ಬಾರ್ಬೆಕ್ಯೂಗೆ ಇಎನ್ 1860-1, ಇದ್ದಿಲು ಮತ್ತು ಬ್ರಿಕೆಟ್‌ಗೆ ಇಎನ್ 1860-2 ಎಂಬ ಯುರೋಪಿಯನ್ ಮಾನದಂಡ ಇದೆ. ಪೆಟ್ಟಿಗೆ ಮೇಲೆ ಹುಡುಕಿ.

ಸೈಜ್: 37 ಸೆಂ.ಮೀ. ಗುಂಡು ಜಾಲರಿ ಎಂದರೆ ಸುಮಾರು 1,000 ಚದರ ಸೆಂ.ಮೀ. ಪೂರ್ತಿ ತುಂಬಿದರೆ ಎಂಟೊಂಬತ್ತು ಕೋಳಿ ಕಾಲು ಹಿಡಿಯುತ್ತವೆ. ಆದರೆ ಅರ್ಧ ಜಾಗ ಕೆಂಡವಿಲ್ಲದೆ ಬಿಡಬೇಕಾದ್ದರಿಂದ ಒಮ್ಮೆಗೆ ನಾಲ್ಕೈದು ಎಂದು ಲೆಕ್ಕ ಹಾಕಿ. ನಾಲ್ಕು ಜನರ ಮನೆಗೆ ಸಾಕು. ಎಂಟು ಹತ್ತು ಜನ ಸೇರುವವರಿಗೆ 47 ಸೆಂ.ಮೀ. ಬೇಕು, ಆದರೆ ಅದನ್ನು ಬಸ್ಸಿನಲ್ಲಿ ಒಯ್ಯುವುದು ಕಷ್ಟ.

ಬಜೆಟ್: ಬೇಸಿಗೆ ಮುಗಿಯುವ ಹೊತ್ತಿಗೆ, ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಅಂಗಡಿಗಳು ಸಾಮಾನ್ಯವಾಗಿ ಬೆಲೆ ಇಳಿಸುತ್ತವೆ. ಸೆಕೆಂಡ್ ಹ್ಯಾಂಡ್ ಕೂಡ ತಪ್ಪಲ್ಲ. ತಳ ತೂತಾಗಿದೆಯೇ, ಮುಚ್ಚಳ ಸರಿ ಕೂರುತ್ತದೆಯೇ ಎಂದು ನೋಡಿ. ಜಾಲರಿ ಹಾಳಾಗಿದ್ದರೆ ಹೊಸದು ಬೇರೆಯಾಗಿ ಸಿಗುವ ಮಾದರಿಯೇ ಇರಲಿ.

ಗ್ರಿಲ್ ಜೊತೆ ಇನ್ನು ಮೂರು ವಸ್ತು ಬೇಕು: ಉದ್ದ ಇಕ್ಕಳ, ಚಿಮ್ನಿ ಸ್ಟಾರ್ಟರ್, ಮಾಂಸದ ಒಳಗಿನ ಶಾಖ ನೋಡುವ ಥರ್ಮಾಮೀಟರ್. ಗ್ರಿಲ್‌ನಲ್ಲಿ ಹತ್ತು ಪೌಂಡ್ ಉಳಿಸಿದರೂ ಈ ಮೂರನ್ನು ಬಿಡಬೇಡಿ.

ಯಾವ ಇದ್ದಿಲು, ಹೇಗೆ ಹಚ್ಚುವುದು?

ಮರದ ಇದ್ದಿಲು, ಅಂದರೆ ಲಂಪ್‌ವುಡ್, ಬೇಗ ಹತ್ತುತ್ತದೆ, ಜೋರಾಗಿ ಉರಿಯುತ್ತದೆ, ಬೇಗ ಮುಗಿಯುತ್ತದೆ. ಟಿಕ್ಕಾ, ಮೀನಿಗೆ ಇದು. ಬ್ರಿಕೆಟ್ ನಿಧಾನ ಹತ್ತುತ್ತದೆ, ಒಂದೇ ಸಮ ಶಾಖ ಕೊಡುತ್ತದೆ. ಮೂಳೆ ಸಹಿತ ಚಿಕನ್, ಕುರಿ ಮಾಂಸಕ್ಕೆ ಇದು. ತೆಂಗಿನ ಕರಟದ ಬ್ರಿಕೆಟ್ ಸಿಕ್ಕರೆ ಹೊಗೆಯೂ ಕಡಿಮೆ, ಬಾಳಿಕೆಯೂ ಹೆಚ್ಚು. ಚೀಲಕ್ಕೇ ಬೆಂಕಿ ಕೊಡುವ ‘ಇನ್‌ಸ್ಟಂಟ್ ಲೈಟ್’ ಇದ್ದಿಲಿಗೆ ಮೊದಲೇ ಇಂಧನ ಬೆರೆಸಿರುತ್ತಾರೆ. ಅದು ಪೂರ್ತಿ ಉರಿದುಹೋಗುವ ಮುಂಚೆ ಮಾಂಸ ಇಟ್ಟರೆ ಸೀಮೆಎಣ್ಣೆ ವಾಸನೆ ಬರುತ್ತದೆ.

ಚಿಮ್ನಿ ಸ್ಟಾರ್ಟರ್ ಎಂದರೆ ಹಿಡಿ ಇರುವ ತಗಡಿನ ಕೊಳವೆ. ಕೆಳಗೆ ಹಳೆ ಪತ್ರಿಕೆ, ಮೇಲೆ ಇದ್ದಿಲು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಂಡದ ಮೇಲೆ ಬೂದು ಬಣ್ಣದ ಪದರ ಬರುತ್ತದೆ. ಆಗ ಗ್ರಿಲ್‌ಗೆ ಸುರಿಯಿರಿ. ಪೆಟ್ರೋಲ್ ಬೇಡವೇ ಬೇಡ. ಉರಿಯುತ್ತಿರುವ ಕೆಂಡದ ಮೇಲೆ ಯಾವ ದ್ರವವನ್ನೂ ಸುರಿಯಬೇಡಿ, ಜ್ವಾಲೆ ಬಾಟಲಿಯವರೆಗೆ ಹಾರಿಬರುತ್ತದೆ.

ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ. ಕೆಂಡದ ಬದಿಯಲ್ಲಿ ಬಣ್ಣ ಬರಿಸಿ, ಖಾಲಿ ಬದಿಗೆ ಸರಿಸಿ ಮುಚ್ಚಳ ಹಾಕಿ ಒಳಗೆ ಬೇಯಿಸಿ. ಮುಚ್ಚಳ ಇರುವ ಗ್ರಿಲ್ ಬೇಕು ಎಂದದ್ದು ಇದಕ್ಕೇ. ಕೋಳಿಯ ದಪ್ಪ ಭಾಗದ ಒಳಗೆ 75 ಡಿಗ್ರಿ ಮುಟ್ಟಬೇಕು. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ ಎಂದು ಬ್ರಿಟನ್‌ನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಹೇಳುತ್ತದೆ. ನಮ್ಮ ಅಮ್ಮಂದಿರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಸಿಡಿಯುವ ನೀರಿನ ಹನಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣು ಅಡುಗೆಮನೆಯೆಲ್ಲ ಹರಡುತ್ತದೆ.

ಕರಾವಳಿಯವರಿಗೆ ಒಂದು ಮಾತು: ಅಲ್ಲಿ ಸಿಗುವ ಮ್ಯಾಕೆರಲ್ ನಮ್ಮ ಬಂಗುಡೆಯ ಜಾತಿಯದೇ ಅಲ್ಲದಿದ್ದರೂ ಹತ್ತಿರದ್ದು, ಆದರೆ ಎಣ್ಣೆ ಅಂಶ ಹೆಚ್ಚು. ಕೆಂಡದ ಮೇಲೆ ಎಣ್ಣೆ ತೊಟ್ಟಿಕ್ಕಿ ಜ್ವಾಲೆ ಏಳುತ್ತದೆ. ಕೆಂಪು ಮಸಾಲೆ ಹಚ್ಚಿ ಬಾಳೆ ಎಲೆಯಲ್ಲಿ ಸುತ್ತಿ ಇಟ್ಟರೆ ಮಸಾಲೆ ಕರಕಲಾಗುವುದಿಲ್ಲ. ಬಾಳೆ ಎಲೆ ಟೂಟಿಂಗ್, ಈಸ್ಟ್ ಹ್ಯಾಮ್ ಕಡೆಯ ತಮಿಳು, ಮಲಯಾಳಿ ಅಂಗಡಿಗಳಲ್ಲಿ ಸಿಗುತ್ತದೆ. ಮಾಂಸ ತಿನ್ನದವರಿಗೆ ಜೋಳದ ತೆನೆ, ಗೆಣಸು, ಪನೀರ್ ಇವೆ. ಕೊನೆಗೆ ಉಳಿದ ಕೆಂಡದ ಮೇಲೆ ಒಂದು ದಪ್ಪ ಬದನೆಕಾಯಿ ಇಟ್ಟುಬಿಡಿ, ಮರುದಿನಕ್ಕೆ ಸುಟ್ಟ ಬದನೆಕಾಯಿ ಗೊಜ್ಜು ಸಿದ್ಧ. ಸಸ್ಯಾಹಾರಿಗಳಿಗೆ ಬೇರೆ ಜಾಲರಿ, ಬೇರೆ ಇಕ್ಕಳ ಇಡುವುದು ಮರ್ಯಾದೆ.

ಇದನ್ನು ಮಾತ್ರ ತಪ್ಪದೆ ಓದಿ: ಕೆಂಡ ಒಳಗೆ ತರಬೇಡಿ

ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಹೊಗೆ ನಿಂತ, ಬೂದಿ ಮುಚ್ಚಿದ, ‘ಆರಿಹೋಯಿತು’ ಎನಿಸುವ ಕೆಂಡವೂ ಗಂಟೆಗಟ್ಟಲೆ ಅದನ್ನು ಬಿಡುತ್ತಲೇ ಇರುತ್ತದೆ. ಗಾಳಿ ಕಡಿಮೆಯಾದಷ್ಟೂ ಆ ಅನಿಲ ಹೆಚ್ಚು. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ, ಎಚ್ಚರವೇ ಆಗುವುದಿಲ್ಲ.

ಗಲ್ಫ್‌ನಲ್ಲಿ ಇರುವವರಿಗೆ ಇದು ಹೊಸ ಸುದ್ದಿಯಲ್ಲ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲೋ ಟೆಂಟಿನಲ್ಲೋ ಇದ್ದಿಲು ಹಚ್ಚಿ ಮಲಗಿ ಬೆಳಗ್ಗೆ ಏಳದವರ ಸುದ್ದಿ ಮತ್ತೆ ಮತ್ತೆ ಬರುತ್ತದೆ, ಅಲ್ಲಿನ ಅಧಿಕಾರಿಗಳೂ ಎಚ್ಚರಿಸುತ್ತಾರೆ. ಲಂಡನ್‌ನ ಚಳಿ ಇನ್ನೂ ಉದ್ದ, ಹೀಟರ್ ಬಿಲ್ ಇನ್ನೂ ಭಾರ. ಮಳೆ ಬಂತೆಂದು ಗ್ರಿಲ್ಲನ್ನು ಅಡುಗೆಮನೆ ಬಾಗಿಲ ಒಳಗೆ ಎಳೆದುಕೊಳ್ಳುವುದು, ಕ್ಯಾಂಪಿಂಗ್‌ನಲ್ಲಿ ಬೆಚ್ಚಗಿರಲೆಂದು ಆರಿದ ಗ್ರಿಲ್ಲನ್ನು ಟೆಂಟಿನ ಒಳಗೆ ಇಡುವುದು, ಬಿಸಿ ಗ್ರಿಲ್ಲನ್ನು ಕಾರಿನ ಡಿಕ್ಕಿಗೆ ಹಾಕಿ ಹೊರಡುವುದು, ಶೆಡ್ ಅಥವಾ ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟು ಸುಡುವುದು, ಇವುಗಳಲ್ಲಿ ಯಾವುದೂ ಸುರಕ್ಷಿತವಲ್ಲ. ಕಿಟಕಿ ತೆರೆದರೆ ಸಾಕು ಎಂಬುದು ತಪ್ಪು ನಂಬಿಕೆ. ಬಖೂರ್‌ಗೆ, ಶೀಶಾಗೆ ಬಳಸುವ ಸಣ್ಣ ಇದ್ದಿಲು ಬಿಲ್ಲೆಗಳೂ ಇದೇ ಅನಿಲ ಬಿಡುತ್ತವೆ.

ಲಕ್ಷಣಗಳು: ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಗೊಂದಲ. ಜ್ವರ ಇಲ್ಲದ ಫ್ಲೂನಂತೆ ಇರುತ್ತದೆ. ಒಂದೇ ಕೋಣೆಯಲ್ಲಿ ಇಬ್ಬರಿಗೆ ಒಟ್ಟಿಗೇ ಹೀಗಾದರೆ ಅನುಮಾನ ಬೇಡ. ಎಲ್ಲರೂ ತಕ್ಷಣ ಹೊರಗೆ ಬನ್ನಿ. ಯಾರಾದರೂ ಎಚ್ಚರ ತಪ್ಪಿದ್ದರೆ, ಉಸಿರಾಟ ಕಷ್ಟವಾದರೆ 999ಕ್ಕೆ ಫೋನ್ ಮಾಡಿ. ಸಣ್ಣ ಲಕ್ಷಣವಾದರೂ ಎನ್‌ಎಚ್‌ಎಸ್ 111ಕ್ಕೆ ಫೋನ್ ಮಾಡಿ ಕೇಳಿ. ವೀಸಾ ಏನಾಗುತ್ತದೋ, ಮಾಲೀಕ ಏನೆನ್ನುತ್ತಾನೋ ಎಂದು ಯೋಚಿಸುತ್ತ ಕೂರಬೇಡಿ.

ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ. ಇಎನ್ 50291 ಗುರುತು ಇರುವುದನ್ನು ನೋಡಿ. ಇಂಗ್ಲೆಂಡ್‌ನಲ್ಲಿ 2022ರ ಅಕ್ಟೋಬರ್ 1ರಿಂದ ಬಾಯ್ಲರ್‌ನಂಥ ಇಂಧನ ಉರಿಸುವ ಸ್ಥಿರ ಉಪಕರಣ ಇರುವ ಕೋಣೆಗೆ ಈ ಅಲಾರಂ ಹಾಕಿಸುವುದು ಮನೆ ಮಾಲೀಕರ ಹೊಣೆ. ಗ್ಯಾಸ್ ಅಡುಗೆ ಒಲೆಗೆ ಮಾತ್ರ ವಿನಾಯಿತಿ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ. ಆದರೆ ಅಲಾರಂ ಇದೆ ಎಂದು ಒಳಗೆ ಇದ್ದಿಲು ಹಚ್ಚುವಂತಿಲ್ಲ.

ಮುಗಿದ ಮೇಲೆ: ಬೂದಿ ಎಲ್ಲಿಗೆ?

ಗ್ರಿಲ್ಲನ್ನು ಬೇಲಿ, ಶೆಡ್, ಮರದಿಂದ ದೂರ, ಸಮತಟ್ಟಾದ ನೆಲದ ಮೇಲೆ ಇಟ್ಟಿರಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರು ಅಥವಾ ಮರಳು ಇರಲಿ. ಊಟ ಮುಗಿದಾಗ ಎಲ್ಲ ಕಿಂಡಿ ಮುಚ್ಚಿ, ಮುಚ್ಚಳ ಹಾಕಿ, ರಾತ್ರಿಯಿಡೀ ಹೊರಗೇ ಬಿಡಿ. ಮರುದಿನವೂ ಬೂದಿಯ ಒಳಗೆ ಕೆಂಡ ಇರಬಹುದು. ಪೂರ್ತಿ ತಣ್ಣಗಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಲೋಹದ ಡಬ್ಬಿಗೆ ಹಾಕಿ, ನೀರು ಸುರಿದು, ನಂತರ ಕಸಕ್ಕೆ. ಪ್ಲಾಸ್ಟಿಕ್ ಬಿನ್‌ಗೆ ಬಿಸಿ ಬೂದಿ ಹಾಕಬೇಡಿ. ಕ್ಯಾಂಪ್‌ಸೈಟ್‌ಗೆ ಹೋಗುವವರು ಗ್ರಿಲ್ ತಣ್ಣಗಾಗುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ. ಹೊರಡುವ ಒಂದು ಗಂಟೆ ಮೊದಲು ಸುಡಲು ಕೂರಬೇಡಿ.

ಬಿಸಿಲು ತೀವ್ರವಾದ ದಿನಗಳಲ್ಲಿ ಹಿತ್ತಲಲ್ಲೂ ಬೇಡ. ಬ್ರಿಟನ್‌ನಲ್ಲಿ ಮೊದಲ ಬಾರಿಗೆ 40 ಡಿಗ್ರಿ ದಾಟಿದ 2022ರ ಜುಲೈ 19ರಂದು ಪೂರ್ವ ಲಂಡನ್‌ನ ವೆನ್ನಿಂಗ್ಟನ್‌ನಲ್ಲಿ ಹುಲ್ಲಿನ ಬೆಂಕಿ ಮನೆಗಳಿಗೆ ಹಬ್ಬಿ ಹಲವು ಕುಟುಂಬಗಳು ಬೀದಿಗೆ ಬಂದವು. ಎರಡನೇ ಮಹಾಯುದ್ಧದ ನಂತರ ಲಂಡನ್ ಫೈರ್ ಬ್ರಿಗೇಡ್‌ಗೆ ಅಷ್ಟು ಕೆಲಸ ಬಿದ್ದ ದಿನ ಇನ್ನೊಂದಿಲ್ಲ ಎಂದು ಮೇಯರ್ ಸಾದಿಕ್ ಖಾನ್ ಹೇಳಿದ್ದರು. ನಲವತ್ತು ಡಿಗ್ರಿ ನಮಗೆ ಮಾಮೂಲಿ. ಆ ಊರಿನ ಹುಲ್ಲು, ಬೇಲಿ, ಶೆಡ್‌ಗಳಿಗೆ ಅಲ್ಲ.

ಓದುಗರು ಕೇಳುವ ಕೆಲವು ಪ್ರಶ್ನೆಗಳು

ಗಲ್ಫ್‌ನಿಂದ ಬರುವಾಗ ಗ್ರಿಲ್ ಮತ್ತು ಇದ್ದಿಲು ಲಗೇಜಿನಲ್ಲಿ ತರಬಹುದೇ?
ಇದ್ದಿಲು ಬೇಡ. ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನ ಸಾಗಣೆಯಲ್ಲಿ ಅದನ್ನು ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಇಟ್ಟಿದ್ದಾರೆ. ಲೈಟರ್ ದ್ರವವೂ ಹಾಗೆಯೇ. ಹೊಸ ಸಲಾಕೆಗಳನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಬಹುದು, ಕೈಚೀಲದಲ್ಲಿ ಅಲ್ಲ. ಬಳಸಿದ ಗ್ರಿಲ್ ತರುವ ಯೋಚನೆ ಇದ್ದರೆ ಮೊದಲು ಏರ್‌ಲೈನ್ಸ್‌ಗೆ ಕೇಳಿ.

ಟ್ಯೂಬ್, ಬಸ್ಸಿನಲ್ಲಿ ಗ್ರಿಲ್ ಒಯ್ಯಬಹುದೇ?
ಪೂರ್ತಿ ತಣ್ಣಗಿರುವ, ಬೂದಿ ಇಲ್ಲದ, ಚೀಲದಲ್ಲಿ ಕಟ್ಟಿದ ಸಣ್ಣ ಗ್ರಿಲ್ ಆದರೆ ಸರಿ. ಅರೆಬಿಸಿ ಗ್ರಿಲ್, ಇಂಧನದ ಕ್ಯಾನ್ ಒಯ್ಯಬೇಡಿ.

ನಮಗೆ ಫ್ಲಾಟ್ ಮಾತ್ರ ಇದೆ, ಹಿತ್ತಲಿಲ್ಲ. ಏನು ಮಾಡುವುದು?
ಗ್ರಿಲ್ ಕೊಳ್ಳುವ ಅಗತ್ಯವೇ ಇಲ್ಲ. ಎರಡು ಮೂರು ಮನೆಯವರು ಸೇರಿ ಒಂದು ಕೆಟಲ್ ಕೊಂಡು, ಹಿತ್ತಲಿರುವ ಸ್ನೇಹಿತರ ಮನೆಯಲ್ಲಿ ಇಡಿ. ಮನೆಯಲ್ಲಿ ಒಲೆಯ ಮೇಲಿಡುವ ದಪ್ಪ ಗ್ರಿಲ್ ಕಾವಲಿ ಅಥವಾ ಓವನ್ನಿನ ಗ್ರಿಲ್ ಸಾಕು. ಹೊಗೆಯ ರುಚಿಗೆ ಸಾರಿನ ಪಾತ್ರೆಯಲ್ಲಿ ಕೆಂಡ ಇಟ್ಟು ತುಪ್ಪ ಬಿಡುವ ಅಭ್ಯಾಸ ಇರುವವರು, ಅದೂ ಇದ್ದಿಲೇ ಎಂಬುದನ್ನು ನೆನಪಿಡಿ.

ಕೊನೆಗೆ ಒಂದೇ ಸಾಲಿನ ಸಲಹೆ ಕೊಡಿ.
ಹಿತ್ತಲಿದ್ದರೆ ಎನಾಮಲ್ ಲೇಪದ 37 ಅಥವಾ 47 ಸೆಂ.ಮೀ. ಕೆಟಲ್. ಬರೀ ಟಿಕ್ಕಾ, ಕಬಾಬ್ ಸಾಕೆಂದರೆ ಗಟ್ಟಿ ಕಾಲಿನ ಮಂಗಲ್. ಮಕ್ಕಳಿರುವ ಇಕ್ಕಟ್ಟಾದ ಹಿತ್ತಲಿಗೆ ಫ್ಯಾನ್ ಗ್ರಿಲ್. ದೊಡ್ಡ ಹಿತ್ತಲು, ತಾಳ್ಮೆ, ಒಳ್ಳೆಯ ನೆರೆಯವರು ಮೂರೂ ಇದ್ದರೆ ಸ್ಮೋಕರ್. ಇವುಗಳಲ್ಲಿ ಯಾವುದೇ ಇರಲಿ, ಹೊಸ್ತಿಲು ದಾಟಿ ಒಳಗೆ ಬರಬಾರದು. ಲಂಡನ್‌ನಲ್ಲಿರುವ ಮಗನಿಗೋ ಮಗಳಿಗೋ ತಂಗಿಗೋ ಈ ಲೇಖನದ ಕೆಂಡದ ಭಾಗವನ್ನಾದರೂ ಇವತ್ತೇ ಕಳಿಸಿಕೊಡಿ.